ಆರೋಪವೇ ಇಲ್ಲದೆ ಒಳಗಿರುವವನ ಚಿಕಿತ್ಸೆಗೆ ಯಾರ ಬಾಗಿಲು ತಟ್ಟಬೇಕು?

ಪ್ರಶ್ನೆ

ನನ್ನ ಭಾವಮೈದುನನನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಬಂಧಿಸಿ ನಾಲ್ಕು ವಾರವಾಯಿತು. ಆ ಆದೇಶ ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ, ಅದಕ್ಕೆ ವಕೀಲರಿದ್ದಾರೆ. ನನ್ನ ಚಿಂತೆ ಬೇರೆ. ಅವನಿಗೆ ಹನ್ನೊಂದನೇ ವಯಸ್ಸಿನಿಂದ ಸಕ್ಕರೆ ಕಾಯಿಲೆಯಿದ್ದು, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಬೇಕು. ಕಳೆದ ಭೇಟಿಯಲ್ಲಿ ಥರ್ಮೋಸ್‌ನಲ್ಲಿ ಐಸ್ ಹಾಕಿಕೊಂಡು ಒಯ್ದಿದ್ದ ಇನ್ಸುಲಿನ್ ಪೆನ್ನನ್ನು, ಸೂಜಿ ಇರುವ ವಸ್ತು ಎಂಬ ಕಾರಣಕ್ಕೆ, ಗೇಟಿನಲ್ಲೇ ಹಿಂದಿರುಗಿಸಿದರು. ಒಳಗಿನ ಆಸ್ಪತ್ರೆಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಬೀಗ ಹಾಕುವ ಮುಂಚೆ ಒಮ್ಮೆ ಚುಚ್ಚುತ್ತಾರಂತೆ. ಒಂದು ರಾತ್ರಿ ಮೈಯೆಲ್ಲ ಬೆವೆತು ಕೈ ನಡುಗತೊಡಗಿದಾಗ ಪಕ್ಕದವನು ಎತ್ತಿಟ್ಟುಕೊಂಡಿದ್ದ ಎರಡು ಬಿಸ್ಕತ್ತೇ ಗತಿಯಾಯಿತೆಂದು ಹೇಳಿದ. ಕಣ್ಣಿನ ತಪಾಸಣೆಗೆ ಹೊರಗಿನ ಆಸ್ಪತ್ರೆಗೆ ಬರೆದುಕೊಟ್ಟ ಚೀಟಿ ಎಸ್ಕಾರ್ಟ್ (ಜೊತೆಗೆ ಹೋಗುವ ಪೊಲೀಸ್ ಕಾವಲು) ಇಲ್ಲವೆಂದು ಎರಡು ಸಲ ರದ್ದಾಗಿದೆ. ವೈದ್ಯಕೀಯ ಕಾರಣಕ್ಕೆ ಜಾಮೀನು ಕೇಳೋಣವೆಂದರೆ, "ಯಾವ ಕೋರ್ಟಿನಲ್ಲಿ ಕೇಳುತ್ತೀರಿ, ಪ್ರಕರಣವೇ ಇಲ್ಲವಲ್ಲ" ಎನ್ನುತ್ತಾರೆ ವಕೀಲರು. ಹಾಗಾದರೆ ನಾವು ಯಾರನ್ನು ಕೇಳಬೇಕು?

ಉತ್ತರ 1 (ವಕೀಲ)

ನಿಮ್ಮ ವಕೀಲರ ಮಾತು ಕೇಳಲು ಒರಟಾದರೂ ಸರಿಯಾಗಿದೆ. ವಿಚಾರಣಾಧೀನ ಕೈದಿಗೆ ಒಂದು ಪ್ರಕರಣವಿರುತ್ತದೆ, ಆ ಪ್ರಕರಣಕ್ಕೊಂದು ನ್ಯಾಯಾಲಯವಿರುತ್ತದೆ. ತನಿಖೆಯ ಹಂತದಲ್ಲಿ ಅವನ ನ್ಯಾಯಾಂಗ ಬಂಧನವನ್ನು ಒಂದು ಸಲಕ್ಕೆ 15 ದಿನಕ್ಕಿಂತ ಹೆಚ್ಚು ವಿಸ್ತರಿಸುವಂತಿಲ್ಲವಾದ್ದರಿಂದ, ಖುದ್ದಾಗಿಯೋ ಪರದೆಯ ಮೇಲೋ ಮ್ಯಾಜಿಸ್ಟ್ರೇಟರ ಕಣ್ಣಿಗೆ ಅವನು ಬೀಳುತ್ತಲೇ ಇರುತ್ತಾನೆ, ಸೊರಗಿದ್ದರೆ ಅದೂ ಕಾಣುತ್ತದೆ. ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನದೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ ಸಾಮಾನ್ಯವಾಗಿ ಜಾಮೀನು ಅವನ ಹಕ್ಕಾಗುತ್ತದೆ. ನಿಮ್ಮ ಭಾವಮೈದುನನದು ಮುಂಜಾಗ್ರತಾ ಬಂಧನ, ಎಂದರೆ ಮುಂದೆ ಅಪಾಯ ತರಬಹುದೆಂಬ ಕಾರಣಕ್ಕೆ ಪ್ರಕರಣವಿಲ್ಲದೆ ಒಳಗಿಡುವುದು. ಅದರಲ್ಲಿ ಇದಾವುದೂ ಇಲ್ಲ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆನ್ನುವ ಸಂವಿಧಾನದ 22ನೇ ವಿಧಿಯೇ, ಮುಂದಿನ ಉಪವಿಧಿಯಲ್ಲಿ, ಈ ಬಗೆಯ ಬಂಧನಕ್ಕೆ ಅದು ಅನ್ವಯಿಸದು ಎನ್ನುತ್ತದೆ. ಹೀಗೆ ಹನ್ನೆರಡು ತಿಂಗಳವರೆಗೂ ಒಬ್ಬನನ್ನು ಇಡಬಹುದು. ಅಷ್ಟೂ ಕಾಲದಲ್ಲಿ ಅವನನ್ನು ಕಣ್ಣಾರೆ ನೋಡಲು ಕಾಯ್ದೆಯೇ ಅವಕಾಶ ಕೊಟ್ಟಿರುವ ಹೊರಗಿನವರೆಂದರೆ, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ಪರಿಶೀಲಿಸುವ ಸಲಹಾ ಮಂಡಳಿಯ ಮೂವರು ಮಾತ್ರ.

ಆದ್ದರಿಂದ ಮೊದಲು ಮಾಡಬೇಕಾದದ್ದು ಇದು. ಮಂಡಳಿಯು ಬಂಧನದ ದಿನದಿಂದ ಏಳು ವಾರದೊಳಗೆ ವರದಿ ಕೊಡಬೇಕು, ಎಂದರೆ ನಿಮಗೆ ಇನ್ನೂ ಸಮಯವಿದೆ. ಖುದ್ದಾಗಿ ಹೇಳಿಕೊಳ್ಳಬೇಕೆಂದು ಅವನು ಇಂದೇ ಬರೆದುಕೊಡಲಿ. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ. ಆದರೆ ವಕೀಲನಲ್ಲದ ಸ್ನೇಹಿತನೊಬ್ಬನ ನೆರವು ಪಡೆಯಬಹುದೆಂದು ಎ.ಕೆ. ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಂಡಳಿ ಚಿಕಿತ್ಸೆಯ ಆದೇಶ ಕೊಡುವ ಸಂಸ್ಥೆಯಲ್ಲ, ನಿಜ. ಆದರೂ ಅವರ ಕಡತದೊಳಗೆ ಕಾಯಿಲೆಯ ಮಾತು ಸೇರಲಿ.

ಎರಡನೆಯದು, ಜಾಮೀನಿನ ಜಾಗದಲ್ಲಿ ಈ ಕಾಯ್ದೆಯ 15ನೇ ಕಲಮು ತಾತ್ಕಾಲಿಕ ಬಿಡುಗಡೆಗೆ ಅವಕಾಶ ಕೊಡುತ್ತದೆ. ಅದನ್ನು ಕೊಡುವುದು ನ್ಯಾಯಾಲಯವಲ್ಲ, ಸರ್ಕಾರ. ಹಾಗಾಗಿ ಅರ್ಜಿ ಗೃಹ ಇಲಾಖೆಗೆ ಹೋಗಬೇಕು. ಮೂರನೆಯದು, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್, ಎಂದರೆ ಹಕ್ಕಿನ ರಕ್ಷಣೆಗೆ ಆದೇಶ ಕೋರುವ ಅರ್ಜಿ. ಬಂಧನವನ್ನು ಪ್ರಶ್ನಿಸದೆ, ಚಿಕಿತ್ಸೆಯೊಂದನ್ನೇ ಕೇಳಿಯೂ ರಿಟ್ ಹಾಕಬಹುದು. ಜೈಲಿನೊಳಗೆ ನಡೆಸಿಕೊಳ್ಳುವ ರೀತಿಯನ್ನೂ ಹೇಬಿಯಸ್ ಕಾರ್ಪಸ್ (ಬಂಧನ ಕಾನೂನುಬದ್ಧವೇ ಎಂದು ಕೋರ್ಟ್ ನೋಡಲಿ ಎಂದು ಕೇಳುವ ರಿಟ್) ಮೂಲಕ ಪರಿಶೀಲಿಸಬಹುದೆಂದು ಸುನೀಲ್ ಬಾತ್ರಾ ಪ್ರಕರಣದ ಎರಡನೇ ತೀರ್ಪು 1979ರಲ್ಲೇ ಹೇಳಿತು. ಅದು ಶುರುವಾದದ್ದು ಕೈದಿಯೊಬ್ಬ ಬರೆದ ಕಾಗದದಿಂದ. ಮುಂಜಾಗ್ರತಾ ಬಂಧನದಲ್ಲಿರುವವನಿಗೂ ಮಾನವ ಘನತೆಯಿಂದ ಬದುಕುವ ಹಕ್ಕಿದೆ ಎಂದ 1981ರ ಫ್ರಾನ್ಸಿಸ್ ಕೊರಾಲಿ ಮಲ್ಲಿನ್ ತೀರ್ಪು ನಿಮಗೆ ಇನ್ನೂ ಹತ್ತಿರದ್ದು.

ಉತ್ತರ 2 (ನಿವೃತ್ತ ವೈದ್ಯ)

ಕೆಲವು ವರ್ಷ ಕಾರಾಗೃಹವೊಂದರ ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು ನಾನು. ಆ ರಾತ್ರಿಯ ಬೆವರು ಆಕಸ್ಮಿಕವಲ್ಲ, ರಕ್ತದ ಸಕ್ಕರೆ ತೀರ ಇಳಿದದ್ದರ ಲಕ್ಷಣ. ಸಂಜೆ ಊಟ ಬೇಗ ಮುಗಿಯುತ್ತದೆ, ಬೀಗ ಬೀಳುತ್ತದೆ, ಮುಂದೆ ಹನ್ನೆರಡು ಗಂಟೆ ಹೊಟ್ಟೆಗೆ ಏನೂ ಇರುವುದಿಲ್ಲ. ದಿನಕ್ಕೆ ಎರಡೇ ಸಲ ಚುಚ್ಚುವುದಾದರೆ ಸಾಮಾನ್ಯವಾಗಿ ಕೊಡುವುದು ಮಿಶ್ರ ಇನ್ಸುಲಿನ್, ಮತ್ತು ಸಂಜೆ ಚುಚ್ಚಿದ ಮಿಶ್ರ ಇನ್ಸುಲಿನ್ನಿನ ಪ್ರಭಾವ ಜೋರಾಗುವುದು ಸರಿಯಾಗಿ ನಡುರಾತ್ರಿಯ ಹೊತ್ತಿಗೆ. ಆಗ ಕೂಗಿದರೆ ಮೊದಲು ಕಾವಲುಗಾರ ಬರಬೇಕು, ಅವನು ಬೀಗದ ಕೈಗಾಗಿ ಇನ್ನೊಬ್ಬರನ್ನು ಹುಡುಕಬೇಕು. ಬಿಸ್ಕತ್ತು ಕೊಟ್ಟ ಆ ಪಕ್ಕದವನಿಗೆ ನಿಮ್ಮ ಮನೆಯವರು ಋಣಿಯಾಗಿರಬೇಕು.

"ಸರಿಯಾದ ಚಿಕಿತ್ಸೆ ಕೊಡಿ" ಎಂದು ಮೊಗಮ್ಮಾಗಿ ಬರೆದ ಅರ್ಜಿಗೆ "ಕೊಡಲಾಗುತ್ತಿದೆ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಅಂಥ ಉತ್ತರಗಳಿಗೆ ನಾನೇ ಸಹಿ ಹಾಕಿದ್ದೇನೆ. ಇನ್ಸುಲಿನ್ನಿನ ಹೆಸರು, ಎಷ್ಟು ಯೂನಿಟ್, ಯಾವ ಹೊತ್ತಿಗೆ, ರಾತ್ರಿ ಬ್ಯಾರಕ್ಕಿನಲ್ಲಿ ಗ್ಲೂಕೋಸ್ ಇಡಲು ಅನುಮತಿ, ಸಕ್ಕರೆ ಅಳೆಯುವ ವೇಳೆ ಇಷ್ಟನ್ನೂ ಅವನ ಹಳೆಯ ವೈದ್ಯರ ಪತ್ರದ ಸಮೇತ ಕೊಡಿ. ಪೆನ್ನು ಅವನ ಕೈಯಲ್ಲೇ ಇರಬೇಕೆಂದು ಹಟ ಹಿಡಿಯಬೇಡಿ, ಆಸ್ಪತ್ರೆಯ ಫ್ರಿಜ್ಜಿನಲ್ಲಿ ಅವನ ಹೆಸರಿನಲ್ಲಿ ಇರಲಿ ಎಂದು ಕೇಳಿ. ಭದ್ರತೆಯ ಆಕ್ಷೇಪಣೆ ಅಲ್ಲಿಗೆ ಬಹುಪಾಲು ಮುಗಿಯುತ್ತದೆ. ಎಸ್ಕಾರ್ಟ್ ಸಿಗದೆ ರದ್ದಾದ ಪ್ರತಿಯೊಂದು ದಿನಾಂಕವನ್ನೂ ಬರೆದಿಟ್ಟುಕೊಳ್ಳಿ. ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಂಡೇಲಾ ನಿಯಮಗಳಲ್ಲಿ 27ನೆಯದು, ವೈದ್ಯಕೀಯ ತೀರ್ಮಾನವನ್ನು ವೈದ್ಯರಲ್ಲದ ಜೈಲು ಸಿಬ್ಬಂದಿ ತಳ್ಳಿಹಾಕುವಂತಿಲ್ಲ, ಕಡೆಗಣಿಸುವಂತೆಯೂ ಇಲ್ಲ ಎನ್ನುತ್ತದೆ. ಆರೋಪವಿಲ್ಲದೆ ಬಂಧಿತರಾದವರಿಗೂ ರಕ್ಷಣೆ ಅಷ್ಟೇ ಎಂದು 122ನೇ ನಿಯಮ ಹೇಳುತ್ತದೆ. ಅವು ಕಾನೂನಿನಂತೆ ಕಟ್ಟಿಹಾಕುವುದಿಲ್ಲ, ಆದರೆ ಚೀಟಿ ಬರೆದ ವೈದ್ಯನ ಬೆನ್ನಿಗೆ ನಿಲ್ಲುತ್ತವೆ.

ಉತ್ತರ 3 (ಓದುಗ)

ಈ ಮಾತು ಓದುವಾಗ ಸ್ನೇಹಲತಾ ರೆಡ್ಡಿಯವರ ನೆನಪು ತಪ್ಪದೆ ಬರುತ್ತದೆ. ತುರ್ತುಪರಿಸ್ಥಿತಿಯಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗೇ ಅವಕಾಶವಿಲ್ಲವೆಂದು ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1976ರ ಏಪ್ರಿಲ್ 28ರಂದು. ಈ ನಟಿ, ರಂಗಕರ್ಮಿಯ ಬಂಧನವಾದದ್ದು ಅದಾದ ಕೆಲವೇ ದಿನಗಳಲ್ಲಿ. ತುರ್ತುಪರಿಸ್ಥಿತಿಯ ವಿರುದ್ಧ ಸ್ಫೋಟದ ಸಂಚು ನಡೆಸಿದರೆಂಬ ಬರೋಡಾ ಡೈನಮೈಟ್ ಪ್ರಕರಣದ ಹೆಸರೆತ್ತಿ ಹಿಡಿದರೂ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅವಕಾಶವಿದ್ದ ಅಂದಿನ ಮೀಸಾ ಕಾಯ್ದೆಯಡಿ ಒಳಗೇ ಇಟ್ಟರು. ತೀವ್ರ ಅಸ್ತಮಾ ಇದ್ದ ಅವರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ, ಇಂದು ಫ್ರೀಡಂ ಪಾರ್ಕ್ ಇರುವ ಜಾಗದಲ್ಲಿ, ಸುಮಾರು ಎಂಟು ತಿಂಗಳು ಕಳೆದರು. ಕೊನೆಗೆ 1977ರ ಜನವರಿ 15ರಂದು ಪರೋಲ್ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಪರೋಲ್ ಸಿಕ್ಕಿತು ಎಂಬುದನ್ನೇ ಚಿಕಿತ್ಸೆ ಸಿಕ್ಕಿತು ಎಂದುಕೊಳ್ಳಬಾರದೆಂದು ಇದನ್ನು ಹೇಳುತ್ತಿದ್ದೇನೆ.

ಉತ್ತರ 4 (ಕಾನೂನು ವಿದ್ಯಾರ್ಥಿ)

ಬಂಧನದಲ್ಲಿರುವವರನ್ನು 48 ಗಂಟೆಗೊಮ್ಮೆ ವೈದ್ಯರು ಪರೀಕ್ಷಿಸಬೇಕೆಂದು ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪು ಹೇಳುತ್ತದೆಯಲ್ಲ, ಅದೊಂದೇ ಸಾಲದೇ?

ಉತ್ತರ 5 (ವಕೀಲ)

ಆ ನಿರ್ದೇಶನಗಳ ಹಿನ್ನೆಲೆ ಪೊಲೀಸ್ ವಶದಲ್ಲಾಗುವ ಹಿಂಸೆ. ಮೈಮೇಲೆ ಗಾಯವಿದೆಯೇ ಎಂದು ನೋಡುವ ಪರೀಕ್ಷೆಯದು. ಜೈಲಿನಲ್ಲಿ ತಿಂಗಳುಗಟ್ಟಲೆ ನಡೆಯಬೇಕಾದ ಚಿಕಿತ್ಸೆಗೆ ಅದನ್ನೇ ನೆಚ್ಚಿಕೊಂಡರೆ ಸರ್ಕಾರಿ ವಕೀಲರಿಗೆ ಉತ್ತರ ಸುಲಭವಾಗುತ್ತದೆ. ನಾನಾದರೆ ಜೀವಿಸುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯನ್ನೂ ರದ್ದಾದ ಆ ಚೀಟಿಗಳನ್ನೂ ಮುಂದಿಡುತ್ತೇನೆ.

ಒಂದು ಮಾತು ವಿಷಯದ ಅಂಚಿನದು. ಮಂಡಳಿಯ ಅಭಿಪ್ರಾಯವಿಲ್ಲದೆ ಇಡಬಹುದಾದ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸುವ ಕಲಮು ಸಂವಿಧಾನದ 1978ರ 44ನೇ ತಿದ್ದುಪಡಿಯಲ್ಲೇ ಇದೆ. ಸಂಸತ್ತು ಒಪ್ಪಿದ್ದರೂ ಜಾರಿಯ ಅಧಿಸೂಚನೆ ಮಾತ್ರ ಹೊರಬೀಳಲೇ ಇಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಮಂಡಳಿಯ ಮುಂದೆ ಖುದ್ದು ಹಾಜರಾಗುವ ಕೋರಿಕೆಗೆ ಅವನು ನಿನ್ನೆ ಸಹಿ ಹಾಕಿದ. ವೈದ್ಯರು ಹೇಳಿದಂತೆ ಯೂನಿಟ್ ಮತ್ತು ವೇಳೆಗಳನ್ನು ಬರೆದು ಅಧೀಕ್ಷಕರಿಗೆ ಕೊಟ್ಟ ಅರ್ಜಿಗೆ ಸ್ವೀಕೃತಿಯ ಮುದ್ರೆ ಬಿದ್ದಿದೆ, ಗ್ಲೂಕೋಸ್ ಪೊಟ್ಟಣ ಒಳಗೆ ಹೋಗಿದೆ. ಪೆನ್ನಿನ ಬಗ್ಗೆ ಇನ್ನೂ ಉತ್ತರವಿಲ್ಲ. ಎರಡು ಚೀಟಿಗಳಲ್ಲಿ ಒಂದರ ಪ್ರತಿ ಮಾತ್ರ ನಮ್ಮ ಬಳಿ ಇದೆ. ಇನ್ನೊಂದರ ಪ್ರತಿಯನ್ನು ಒಳಗಿನ ಆಸ್ಪತ್ರೆಯಿಂದ ಅವನೇ ಕೇಳಿ ಪಡೆಯಬೇಕೋ, ನಾವು ಹೊರಗಿನಿಂದ ಮಾಹಿತಿ ಹಕ್ಕಿನಡಿ ಕೇಳಬಹುದೋ?