ಸಹಾಯ ಬೇಕು: ನರಕೋಶದ ಸಮೀಕರಣದಲ್ಲಿ ನಾಲ್ಕನೇ ಘಾತ ಏಕೆ?

ಗೆಳೆಯರೇ, ಮಿದುಳಿನ ಗಣಿತ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಮೇಲೆ ಪ್ರಯೋಗ ನಡೆಸಿ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಎಂಬ ವಿಜ್ಞಾನಿಗಳು ನರದ ವಿದ್ಯುತ್ ಸಂಕೇತವನ್ನು ವಿವರಿಸಲು 1952ರಲ್ಲಿ ಕೊಟ್ಟ ಸಮೀಕರಣಗಳಲ್ಲಿ ಪೊಟ್ಯಾಸಿಯಂ ವಾಹಕತೆಗೆ (ಅಂದರೆ ಪೊಟ್ಯಾಸಿಯಂ ಅಯಾನುಗಳು ಪೊರೆಯನ್ನು ಎಷ್ಟು ಸುಲಭವಾಗಿ ದಾಟುತ್ತವೆ ಎಂಬುದಕ್ಕೆ) 'ಎನ್' ಚರಾಕ್ಷರದ ನಾಲ್ಕನೇ ಘಾತ ಬರುತ್ತದೆ, ಸೋಡಿಯಂಗೆ 'ಎಂ'ನ ಮೂರನೇ ಘಾತ. ಈ ಎರಡೂ ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಗಳು, ಅಯಾನುಗಳ ದಾರಿ ಎಷ್ಟು ತೆರೆದಿದೆ ಎಂದು ಸೂಚಿಸುತ್ತವೆ.

ಪೈಥಾನ್‌ನಲ್ಲಿ ಬರೆದು ನೋಡಿದೆ. ಪೊರೆಯ ವೋಲ್ಟೇಜನ್ನು ಒಮ್ಮೆಲೇ ಏರಿಸಿದಾಗ, ಘಾತ ಒಂದಿದ್ದರೆ ಪೊಟ್ಯಾಸಿಯಂ ವಾಹಕತೆ ತಕ್ಷಣ ಏರುತ್ತದೆ. ನಾಲ್ಕಿದ್ದರೆ ಕೊಂಚ ತಡೆದು ಆಮೇಲೆ ಏರುತ್ತದೆ. ಎಷ್ಟು ಚೆಂದದ ವಕ್ರರೇಖೆ! ಅಲ್ಲಿಯವರೆಗೆ ಸ್ಪಷ್ಟ.

ಆದರೆ ಪೊಟ್ಯಾಸಿಯಂ ಚಾನಲ್‌ನಲ್ಲಿ (ಅಯಾನುಗಳು ಪೊರೆಯನ್ನು ದಾಟುವ ಪ್ರೋಟೀನ್ ದಾರಿಯಲ್ಲಿ) ನಾಲ್ಕು ಉಪಘಟಕಗಳಿವೆ ಎಂದು ಗೊತ್ತಾದದ್ದು ಬಹಳ ವರ್ಷಗಳ ನಂತರ. ಸೋಡಿಯಂ ಚಾನಲ್‌ನಲ್ಲೂ ನಾಲ್ಕು ಭಾಗಗಳಿವೆ, ಅಲ್ಲಿ ಘಾತ ಮಾತ್ರ ಮೂರು. ಹಾಗಾದರೆ ಈ ಘಾತ ಕೇವಲ ಅಳತೆಗಳಿಗೆ ಹೊಂದಿಸಿಕೊಂಡ ಸಂಖ್ಯೆಯೇ, ಅಥವಾ ಚಾನಲ್‌ನ ರಚನೆಯನ್ನೂ ಹೇಳುತ್ತದೆಯೇ? ಬಲ್ಲವರು ದಯವಿಟ್ಟು ವಿವರಿಸಿ.