ಕೆರೆ ನೀರಿನಲ್ಲಿ ಕಪ್ಪು ಉಂಗುರ ಬಿಟ್ಟು ಬೇರೇನೂ ಕಾಣುತ್ತಿಲ್ಲ

ಕೆರೆಏರಿ:
ಮಗಳು ಏಳನೇ ತರಗತಿ. ಅವಳಿಗೆಂದು ಹಳೆಯ ಸೂಕ್ಷ್ಮದರ್ಶಕ ಕೊಂಡೆ. 4, 10, 40ರ ಮೂರು ಲೆನ್ಸ್, ಕಣ್ಣಿನ ಕಡೆ 10ರದ್ದು. ಈರುಳ್ಳಿ ಪೊರೆಯ ಜೀವಕೋಶ ಚೆನ್ನಾಗಿ ಕಂಡಿತು. ಆದರೆ ಕೆರೆಯಿಂದ ಬಾಟಲಿಗೆ ತುಂಬಿ ತಂದ ತಿಳಿನೀರಿನಲ್ಲಿ ಮೂರು ದಿನದಿಂದ ದಪ್ಪ ಕಪ್ಪು ಅಂಚಿನ ಉಂಗುರಗಳಷ್ಟೇ. 40ರ ಲೆನ್ಸ್ ಇಳಿಸಹೋಗಿ ಒಂದು ಗಾಜೂ ಒಡೆಯಿತು. ಎಲ್ಲಿ ತಪ್ಪುತ್ತಿದ್ದೇನೆ?

ಒರಳುಕಲ್ಲು:
ಆ ಉಂಗುರಗಳು ಗಾಳಿಗುಳ್ಳೆ. ಕವರ್ ಸ್ಲಿಪ್ಪಿನ (ಹನಿಯ ಮೇಲೆ ಮುಚ್ಚುವ ತೆಳು ಗಾಜಿನ) ಒಂದು ಅಂಚನ್ನು ಹನಿಗೆ ತಾಗಿಸಿ, ಸೂಜಿಯ ಆಸರೆಯಲ್ಲಿ ಮೆಲ್ಲಗೆ ಒರಗಿಸಿ.

ನಿಜವಾದ ತೊಂದರೆ ಇರುವುದು ನಿಮ್ಮ ತಿಳಿನೀರಿನಲ್ಲಿ. ಊಟ ಇರುವಲ್ಲಿ ಜೀವಿಗಳು: ಪಾಚಿಯ ಎಳೆ, ಕೊಳೆತ ಎಲೆ, ಅಂತರಗಂಗೆಯ ಬೇರು. ಆ ಬೇರನ್ನು ಬಟ್ಟಲಿಗೆ ಹಿಂಡಿ. ಇಳಿಯುವ ಕಂದು ನೀರೇ ನಿಮಗೆ ಬೇಕಾದದ್ದು. ಹೈಸ್ಕೂಲು ಮಕ್ಕಳಿಗೆ ಪಾಠ ಮಾಡುವಾಗ ನಾನು ಕೆರೆಗೂ ಹೋಗುತ್ತಿರಲಿಲ್ಲ. ನಮ್ಮ ಹಿತ್ತಿಲ ಒರಳುಕಲ್ಲಿನ ಗುಳಿಯಲ್ಲಿ ಮಳೆನೀರು ನಿಂತು ಹಸಿರುಗಟ್ಟಿರುತ್ತಿತ್ತು; ಅದರ ತಳದಿಂದ ಫಿಲ್ಲರಿನಲ್ಲಿ ಒಂದು ಹನಿ, ಅಷ್ಟೇ. ರೋಟಿಫರ್ ಎಂಬ ಸೂಕ್ಷ್ಮ ಜಲಜೀವಿಯನ್ನು ನಾನು ಮೊದಲು ಕಂಡದ್ದು ಅದರಲ್ಲೇ. ತಲೆಯ ಮೇಲೆ ಎರಡು ಚಕ್ರ ತಿರುಗಿದಂತೆ ಕಾಣುತ್ತದೆ. ಅವು ಚಕ್ರವಲ್ಲ, ಒಂದರ ಹಿಂದೊಂದು ಬಡಿಯುವ ನವಿರು ರೋಮಗಳು. ಆ ಸಂಜೆ ದೀಪ ಹಚ್ಚುವುದನ್ನೂ ಮರೆತು ಕೂತಿದ್ದೆ.

4ರ ಲೆನ್ಸಿನಿಂದಲೇ ಹುಡುಕಿ. ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿ 0.2ರಿಂದ 0.3 ಮಿ.ಮೀ. ಉದ್ದ, ಕಣ್ಣಿನ ಕಡೆಯ 10ರದ್ದು ಸೇರಿ 40 ಪಟ್ಟು ಹಿಗ್ಗಿಸಿದರೆ ಸಾಕು, ಸಿಗುತ್ತದೆ. ಓಡುತ್ತಿದ್ದರೆ ಹನಿಯಲ್ಲಿ ಹತ್ತಿಯ ಎರಡು ಮೂರು ಎಳೆ ಇಡಿ, ಬೇಲಿಯೊಳಗೆ ಸಿಕ್ಕ ಕರುವಿನ ಹಾಗೆ ಅಲ್ಲೇ ಸುತ್ತುತ್ತದೆ.

ಹುಲ್ಲುಬಣವೆ:
ಬೆಳಕನ್ನೂ ತಗ್ಗಿಸಿ, ಡಯಾಫ್ರಂ (ಗಾಜಿನ ಕೆಳಗಿನ ಬೆಳಕಿನ ಕಿಂಡಿ) ಕಿರಿದಾದರೆ ಪಾರದರ್ಶಕ ಜೀವಿಗಳ ಅಂಚು ಎದ್ದು ಕಾಣುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಕುದಿಸಿ ಆರಿಸಿದ ನೀರಿನಲ್ಲಿ ಒಣ ಭತ್ತದ ಹುಲ್ಲು ನೆನೆಸಿ, ಮೊದಲೇ ತಂದಿಟ್ಟ ಬಟ್ಟಲಿನ ನೀರು ಒಂದು ಚಮಚ ಬೆರೆಸಿ. ಮೊದಲು ಬ್ಯಾಕ್ಟೀರಿಯಾ ಹೆಚ್ಚಿ ನೀರು ಮಬ್ಬಾಗುತ್ತದೆ, ಆಮೇಲೆ ಅವನ್ನು ತಿನ್ನುವವು ತುಂಬಿಕೊಳ್ಳುತ್ತವೆ.

ಕೆರೆಏರಿ:
ಮೇಷ್ಟ್ರೇ, ಬೇರು ಹಿಂಡಿದ ನೀರಿನಲ್ಲಿ ಸಿಕ್ಕಿತು! ದಾರದ ತುದಿಗೆ ಗಂಟೆ ಕಟ್ಟಿದಂತಹ ಏಳೆಂಟು ಜೀವಿಗಳು. ಮೇಜು ಅಲುಗಿದ್ದೇ ತಡ, ದಾರ ಸುರುಳಿಯಾಗಿ ಎಲ್ಲವೂ ಕುಗ್ಗಿದವು. ಮಗಳು 'ಅಪ್ಪಾ, ಮುಟ್ಟಿದರೆ ಮುನಿ!' ಅಂದಳು. ಏನಿದು?

ಒರಳುಕಲ್ಲು:
ವರ್ಟಿಸೆಲ್ಲಾ, ಅದೂ ಏಕಕೋಶ ಜೀವಿಯೇ. ಕುಗ್ಗುವುದು ಕೆಲವೇ ಮಿಲಿಸೆಕೆಂಡಿನಲ್ಲಿ, ಬಿಚ್ಚಿಕೊಳ್ಳುವುದು ನಿಧಾನ. ಆಗಾಗ ಗಾಜಿನ ಅಂಚಿಗೆ ಒಂದು ತೊಟ್ಟು ನೀರು ಬಿಡಿ, ಒಣಗಿದರೆ ಸಾಯುತ್ತವೆ. ನೋಡಿಯಾದ ಮೇಲೆ ಬಟ್ಟಲಿಗೇ ಮರಳಿ ಬಿಡಿ. ಮಗಳು ಇವತ್ತೇ ಚಿತ್ರ ಬರೆದು ತಾರೀಖು ಹಾಕಿಡಲಿ.