ಸ್ವೀಡನ್ನಿನ ರೋಮಾ ಜನರ ಬಗ್ಗೆ ಗೊತ್ತಿದ್ದವರು ತಿಳಿಸಿ

ಗದಗಿನ ಅಕ್ಕೋರು:
ಎಲ್ಲರಿಗೂ ನಮಸ್ಕಾರ. ಮಗಳು, ಅಳಿಯ ಮಾಲ್ಮೋ ಊರಲ್ಲಿದ್ದಾರೆ. ಏಪ್ರಿಲ್ 8ಕ್ಕೆ ಒಂದು ಬಾವುಟದ ಫೋಟೋ ಕಳಿಸಿದ್ದರು. ಮೇಲೆ ನೀಲಿ, ಕೆಳಗೆ ಹಸಿರು, ನಡುವೆ ಕೆಂಪು ಚಕ್ರ. ರೋಮಾ ಜನರದ್ದಂತೆ. ಅವರ ಹಿರಿಯರು ನಮ್ಮ ದೇಶದಿಂದ ಹೋದವರಂತೆ, ನಿಜವಾ? ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳಬೇಕು ಅಂತಿದ್ದೇನೆ.

ಹುಬ್ಬಳ್ಳಿ ಸೆಟ್ಲ್‌ಮೆಂಟ್ ಹುಡುಗ:
ನಿಜ ಅಕ್ಕೋರೇ. ಸುಮಾರು ಸಾವಿರ ವರ್ಷದ ಹಿಂದೆ ಉತ್ತರ ಭಾರತದ ಕಡೆಯಿಂದ ಹೊರಟವರು. ಸ್ಟಾಕ್‌ಹೋಮಿನ ದಾಖಲೆಯಲ್ಲಿ 1512ರಲ್ಲೇ ಇದ್ದಾರೆ. ಅಷ್ಟು ಹಳಬರಾದರೂ ಹೊರಗಿನವರು ಅನ್ನುವ ಮಾತು ತಪ್ಪಲಿಲ್ಲ. 1914ರಿಂದ 1954ರವರೆಗೆ ಹೊರದೇಶದ ರೋಮಾ ಜನ ಸ್ವೀಡನ್ನಿಗೆ ಕಾಲಿಡುವ ಹಾಗೇ ಇರಲಿಲ್ಲ. ನಾಜಿಗಳು ಅವರನ್ನು ಕೊಲ್ಲುತ್ತಿದ್ದ ವರ್ಷಗಳಲ್ಲೂ ಬಾಗಿಲು ತೆರೆಯಲಿಲ್ಲ. ಒಳಗಿದ್ದವರನ್ನು ಊರೂರು ಓಡಿಸಿದರು. ಡೇರೆ ಕೀಳು, ಮುಂದೆ ನಡಿ. ಮಕ್ಕಳಿಗೆ ಶಾಲೆ ಎಲ್ಲಿಂದ ಬರಬೇಕು? ಕತರೀನಾ ತೈಕೋನ್ ಅನ್ನುವ ಹೆಣ್ಣುಮಗಳು ಓದು ಬರಹ ಕಲಿತದ್ದೇ ದೊಡ್ಡವಳಾದ ಮೇಲೆ. ಆಮೇಲೆ ತನ್ನ ಬಾಲ್ಯವನ್ನೇ ಮಕ್ಕಳ ಪುಸ್ತಕ ಮಾಡಿ ದೇಶಕ್ಕೆಲ್ಲ ಓದಿಸಿದಳು. ನಿಮ್ಮ ಮಕ್ಕಳಿಗೆ ಮೊದಲು ಇವರ ಕಥೆ ಹೇಳಿ.

ನಾನು ಮಾಲ್ಮೋದಲ್ಲಿ ಕೆಲಸಕ್ಕಿದ್ದಾಗ, 2013ರಲ್ಲಿ, ಒಂದು ಸುದ್ದಿ ಬಂತು. ಆ ಭಾಗದ ಪೊಲೀಸರು ರೋಮಾ ಜನರ ಪಟ್ಟಿ ಇಟ್ಟಿದ್ದರು. ನಾಲ್ಕು ಸಾವಿರಕ್ಕೂ ಜಾಸ್ತಿ ಹೆಸರು. ವಂಶಾವಳಿ ಬರೆದ ಹಾಗೆ ಅಜ್ಜ, ಸೊಸೆ, ಎರಡು ವರ್ಷದ ಕೂಸು, ಸತ್ತವರು ಕೂಡ. ಎಷ್ಟೋ ಜನರ ಮೇಲೆ ಒಂದು ಕೇಸೂ ಇಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ ನನಗೆ. ನಮ್ಮಜ್ಜ ಇಲ್ಲೇ ಸೆಟ್ಲ್‌ಮೆಂಟಿನ ತಂತಿಬೇಲಿಯೊಳಗೆ ಬೆಳೆದವರು. ಬ್ರಿಟಿಷರು 1871ರಲ್ಲಿ ಶುರು ಮಾಡಿದ ಕಾಯ್ದೆ ಹುಟ್ಟಿನಿಂದಲೇ ಅಪರಾಧಿ ಅಂದ ಜನ ನಾವು. ಅಂಥವರನ್ನು ಕೂಡಿಹಾಕಿ ಕಾವಲಿಟ್ಟ ಜಾಗವೇ ಸೆಟ್ಲ್‌ಮೆಂಟ್. ಗಿರಣಿಗೆ ಹೋಗುವಾಗ ಹಾಜರಿ, ಬಂದ ಮೇಲೆ ಮತ್ತೆ ಹಾಜರಿ. 1952ರಲ್ಲಿ ಆ ಕಾಯ್ದೆ ಹೋಯಿತು.

ಧಾರವಾಡದ ವಕೀಲ:
ಆ ಪಟ್ಟಿ ಕೋರ್ಟಿಗೆ ಹೋಯಿತಾ, ತಮ್ಮಾ?

ಹುಬ್ಬಳ್ಳಿ ಸೆಟ್ಲ್‌ಮೆಂಟ್ ಹುಡುಗ:
ಹೋಯಿತು ಸರ್. ಮೊದಲು ಸರ್ಕಾರ ತಲೆಗೆ 5,000 ಕ್ರೋನಾ (ಅಲ್ಲಿಯ ಹಣ) ಕೊಟ್ಟಿತು. 11 ಜನ ಅಷ್ಟಕ್ಕೆ ಬಿಡಲಿಲ್ಲ. ಜನಾಂಗ ನೋಡಿಯೇ ಹೆಸರು ಬರೆದಿದ್ದಾರೆ ಅಂತ 2016ರಲ್ಲಿ ಸ್ಟಾಕ್‌ಹೋಮ್ ಕೋರ್ಟು ಒಪ್ಪಿ, ಒಬ್ಬೊಬ್ಬರಿಗೆ ಇನ್ನೂ 30,000 ಕೊಡಿಸಿತು. 2000ದಿಂದಲೇ ಕಾನೂನಿನಲ್ಲಿ ಅವರು ರಾಷ್ಟ್ರೀಯ ಅಲ್ಪಸಂಖ್ಯಾತರು. ಆದರೂ ಪಟ್ಟಿ ಇತ್ತು, ನೋಡಿ.

ಗದಗಿನ ಅಕ್ಕೋರು:
ನಮ್ಮ ಕ್ಲಾಸಿನಲ್ಲಿ ಬೆಟಗೇರಿ ಸೆಟ್ಲ್‌ಮೆಂಟಿನ ಮಕ್ಕಳೂ ಇದ್ದಾರಪ್ಪ. ಒಂದು ಶನಿವಾರ ಬೆಳಗಿನ ಶಾಲೆಗೆ ನೀವೇ ಬಂದು ಹೇಳ್ತೀರಾ?

ಹುಬ್ಬಳ್ಳಿ ಸೆಟ್ಲ್‌ಮೆಂಟ್ ಹುಡುಗ:
ಖಂಡಿತ ಬರ್ತೀನಿ. ಅಪ್ಪನನ್ನೂ ಕರೆದುಕೊಂಡು ಬರ್ತೀನಿ, ಹಾಜರಿಯ ಮಾತು ಅವರ ಬಾಯಲ್ಲೇ ಕೇಳಲಿ.